ಸೈತಾನನ ಸಾರಿಗೆ ಉಪ್ಪು ಕಡಿಮೆ

ಆತನ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಒಂದಿದೆ. ಅಂಗಿಗೆ ಇಸ್ತ್ರಿ ಚೆನ್ನಾಗಿ ಮಾಡಿಕೊಳ್ಳುತ್ತಿದ್ದ. ಅದನ್ನು ಮೊದಲೇ ಹೇಳಿ ಮುಗಿಸಿದ್ದೇನೆ. ಇನ್ನು ಮುಂದೆ ನೀವು ಓದುವುದೆಲ್ಲ ಕೆಟ್ಟದ್ದು.

ಸತ್ತವರನ್ನು ‘ಅವರು’ ಎಂದು ಬರೆಯಬೇಕು ಎಂದು ನನ್ನ ಸೋದರತ್ತೆ ಹೇಳಿದಳು. ನನ್ನ ಬಾಯಿಗೆ ಬರುವುದು ‘ಅವನು’. ಜಗಳ ಬೇಡವೆಂದು ‘ಆತ’ ಎಂಬಲ್ಲಿಗೆ ರಾಜಿಯಾಗಿದ್ದೇವೆ. ಹೆಸರು ಮಾತ್ರ ಬರೆಯುವುದಿಲ್ಲ. ಆತ ನನ್ನ ಹೆಸರನ್ನು ಎಲ್ಲಿ ತಂದು ನಿಲ್ಲಿಸಿದ ಎಂದು ಗೊತ್ತಾದರೆ ನೀವೂ ಬರೆಯುವುದಿಲ್ಲ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಆತನದೊಂದು ಸ್ಟುಡಿಯೋ ಇತ್ತು. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋ ಕೆಲಸ. ನೋಡಲು ಭರ್ಜರಿ ಆಳು. ಬಾಗಿಲಲ್ಲಿ ನಿಂತರೆ ಒಳಗಿದ್ದವರು ಲೈಟ್ ಹಾಕಿಕೊಳ್ಳಬೇಕು. ಎರಡು ಹುಬ್ಬು ಸೇರಿ ಒಂದೇ ಗೆರೆಯಾಗಿದ್ದವು, ಅದರ ಕೆಳಗೆ ಹುಲಿಯನ್ನು ನುಂಗಿದವನ ಹಾಗೆ ಕಣ್ಣು. ಆದರೆ ಬಾಯಿ ಬಿಟ್ಟರೆ ಮುಗಿಯಿತು. ಕುಕ್ಕರ್ ವಿಷಲ್ ಹಾಕುವುದಕ್ಕೆ ಮುಂಚೆ ಸುಯ್ ಎನ್ನುತ್ತದಲ್ಲ, ಆ ದನಿ. ಮುಂದಿನ ಹಲ್ಲುಗಳ ಸಂದಿಯಲ್ಲಿ ಗಾಳಿ ನುಗ್ಗಿ ‘ಸ’ ಬಂದಲ್ಲೆಲ್ಲ ಸೀಟಿ ಬೇರೆ. ಮದುವೆಯಾದ ಹೊಸದರಲ್ಲಿ ಯಾವುದೋ ಛತ್ರದಲ್ಲಿ “ಸ್ವಲ್ಪ ಸೈಡಿಗೆ ಸರೀರಿ” ಎಂದನಂತೆ. ಪಂಕ್ತಿಯಲ್ಲಿ ಕೂತಿದ್ದ ಮಕ್ಕಳೆಲ್ಲ ತಿರುಗಿ ಸೀಟಿ ಹೊಡೆದವಂತೆ. ಅವತ್ತಿನಿಂದ ಹೊರಗಡೆ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಆತ ಕ್ಯಾಮೆರಾ ಹಿಡಿದರೆ, ಪಕ್ಕದಲ್ಲಿ ಲೈಟ್ ಹಿಡಿದು ಹೆಂಡತಿ ಕೂಗುತ್ತಿದ್ದರು.

“ಏ ಬಿಳಿ ಅಂಗಿ, ಈಚೆ ಬಾರಪ್ಪ, ಹುಡುಗೀನ ಪೂರ್ತಿ ಮುಚ್ಚಿಬಿಟ್ಟಿದ್ದೀಯ.”

ಅವರನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು. ನಾನೂ ಅಕ್ಕ ಎಂದೇ ಬರೆಯುತ್ತೇನೆ.

ಮಾತೇ ಆಡದೆ ಒಬ್ಬ ಮನುಷ್ಯ ವ್ಯಾಪಾರ ಹೇಗೆ ಮಾಡುತ್ತಾನೆ ಎಂದು ಕೇಳಬೇಡಿ. ಆತನ ಅಪ್ಪ ಎತ್ತಿನ ದಲ್ಲಾಳಿ. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಟವಲಿನ ಕೆಳಗೆ ಕೈ ಇಟ್ಟುಕೊಂಡು ಬೆರಳು ಹಿಡಿದು ಬೆಲೆ ಕಟ್ಟುತ್ತಾರೆ, ಸುತ್ತ ನಿಂತವರಿಗೆ ಗುಟ್ಟು ಬಿಡುವುದಿಲ್ಲ. ಆತ ಎತ್ತು ಮಾರಲಿಲ್ಲ, ಟವಲನ್ನೂ ಬಿಡಲಿಲ್ಲ. ಹೆಗಲ ಮೇಲಿನ ಕೆಂಪು ಟವಲನ್ನು ಗಿರಾಕಿಯ ಕೈ ಮೇಲೆ ಹೊದಿಸಿ ಆಲ್ಬಮ್ಮಿನ ದರವನ್ನು ಬೆರಳಲ್ಲೇ ಮುಗಿಸುತ್ತಿದ್ದ. ಇದರಲ್ಲಿ ಒಂದು ಅನುಕೂಲ ಇದೆ. ಬಾಯಿಂದ ಏನೂ ಹೇಳಿರುವುದಿಲ್ಲವಲ್ಲ, ನಾಳೆ ಸುಳ್ಳು ಹೇಳಿದ ಎನ್ನುವುದಕ್ಕೆ ಯಾರಿಗೂ ಆಗುವುದಿಲ್ಲ.

ಇಂಥವನಿಗೆ ಸಿನಿಮಾ ಮಾಡುವ ಹುಚ್ಚು ಹತ್ತಿತು. ನಾನು ಆಗ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನರ್. ಈಗಲೂ ಅಲ್ಲೇ ಇದ್ದೇನೆ, ನನ್ನ ಪ್ರಗತಿ ಆ ರೀತಿಯದು. ಊರಿನ ಪುಢಾರಿಗಳಿಗೆಲ್ಲ ಹುಟ್ಟುಹಬ್ಬದ ದಿನ ಮೊಡವೆ ಅಳಿಸಿ ಗಲ್ಲ ಕೆಂಪು ಮಾಡಿಕೊಡುವುದು ನನ್ನ ಕಲೆ. ಸಂಜೆ ಮೇಲೆ ಮಿಮಿಕ್ರಿ. ಪೋಸ್ಟರ್ ಮಾಡಿಸಲು ಬಂದ ಆತ ಅಂಗಡಿಯ ಬಾಗಿಲು ಹಾಕಿ, ಟವಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಮೊದಲ ಸಲ ನನ್ನೆದುರು ಬಾಯಿ ಬಿಟ್ಟ. ನಾನು ಯುಪಿಎಸ್ ಕೆಟ್ಟಿತೆಂದು ಮೇಜಿನ ಕೆಳಗೆ ನೋಡಿದೆ.

“ಅಲ್ಲೇನ್ ನೋಡ್ತೀಯ, ಮಾತಾಡಿದ್ದು ನಾನು. ಕಥೆ ಕೇಳು. ಸೈತಾನ ಭದ್ರಾವತಿಗೆ ಬರ್ತಾನೆ.”

“ಸೈತಾನ ಯಾಕೆ ಸಾರ್, ನಮ್ಮ ಕಡೆ ದೆವ್ವಗಳೇ ಇದ್ದಾವಲ್ಲ.”

“ನಮ್ ದೆವ್ವ ಮೈಮೇಲೆ ಬರುತ್ತೆ ಮಾರಾಯ, ವ್ಯಾಪಾರ ಮಾಡಲ್ಲ. ಸೈತಾನ ವ್ಯಾಪಾರಸ್ಥ. ಆತ್ಮ ಇಸ್ಕೊಂಡು ವರ ಕೊಡ್ತಾನೆ.”

ಕಥೆ ಚೆನ್ನಾಗಿಯೇ ಇತ್ತು, ಅದೇ ನನ್ನ ಸಂಕಟ. ಒಬ್ಬ ಆಟೋ ಡ್ರೈವರಿಗೆ ಸೈತಾನ ಸಿಗುತ್ತಾನೆ. ಕೆಂಪು ಟವಲು ಹೊದಿಸಿ ವ್ಯಾಪಾರಕ್ಕೆ ಕೂರುತ್ತಾನೆ. ಡ್ರೈವರ್ ಯಾರೂ ತೆಗೆಯಲಾಗದ ಪರ್ಮನೆಂಟ್ ಕೆಲಸ ಕೇಳುತ್ತಾನೆ, ಬೆಳಗೆದ್ದರೆ ಸರ್ಕಲ್ಲಿನಲ್ಲಿ ಪ್ರತಿಮೆಯಾಗಿ ನಿಂತಿರುತ್ತಾನೆ. ಜನ ದೂರದಿಂದ ನನ್ನನ್ನು ನೋಡಲು ಬರಬೇಕು, ಕೈಯಾರೆ ತಿನ್ನಿಸಬೇಕು, ಸ್ನಾನ ಮಾಡಿಸಬೇಕು ಎನ್ನುತ್ತಾನೆ, ಸಕ್ರೆಬೈಲಿನ ಬಿಡಾರದಲ್ಲಿ ಆನೆಯಾಗಿರುತ್ತಾನೆ. ಊರೆಲ್ಲ ನನ್ನ ಬಗ್ಗೆ ಒಳ್ಳೆಯದನ್ನೇ ಮಾತಾಡಬೇಕು ಎನ್ನುತ್ತಾನೆ, ಸತ್ತು ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿರುತ್ತಾನೆ. ಕೊನೆಗೆ ಸೈತಾನ ಆತ್ಮ ಕೇಳಿದಾಗಲೆಲ್ಲ ಡ್ರೈವರ್ “ಮನೇಲಿ ಕೇಳಿ ಹೇಳ್ತೀನಿ” ಎಂದು ಹೇಳಿ ಹೇಳಿ ಸೈತಾನನನ್ನೇ ಸುಸ್ತು ಮಾಡುತ್ತಾನೆ. ಸೈತಾನನ ಪಾತ್ರ ಆತನದೇ. ಮೇಕಪ್ ಕೂಡ ಬೇಕಾಗಲಿಲ್ಲ.

ನನ್ನನ್ನು ಡ್ರೈವರಿನ ಗೆಳೆಯನ ಪಾತ್ರಕ್ಕೆ ತೆಗೆದುಕೊಂಡ. ಅಕ್ಕ ಆಕ್ಷನ್ ಎಂದ ತಕ್ಷಣ ನನಗೆ ಕಣ್ಣು ಮಿಟುಕಿಸುವ ಕಾಯಿಲೆ ಶುರುವಾಯಿತು. ಒಂದು ದುಃಖದ ದೃಶ್ಯದಲ್ಲಿ ನಾನು ಮಿಟುಕಿಸಿದ ರೀತಿ ನೋಡಿ, ಆಟೋ ಸ್ಟ್ಯಾಂಡಿನ ಹೆಂಗಸೊಬ್ಬಳು ಚಪ್ಪಲಿ ಕೈಗೆ ತೆಗೆದುಕೊಂಡಳು. ಆತ ನನ್ನನ್ನು ಸ್ಟುಡಿಯೋದ ಒಳಕೋಣೆಗೆ ಕರೆದು ಹೇಳಿದ.

“ನಿನ್ ಮುಖ ಕ್ಯಾಮೆರಾಕ್ಕಲ್ಲ, ಮೈಕಿಗೆ. ಸೈತಾನನ ದನಿ ನೀನು ಕೊಡು. ನಿಂಗೇನ್ ಬೇಕು ಕೇಳ್ಕೊ. ಆಮೇಲೆ ನಾನ್ ಕೇಳ್ತೀನಿ.”

ಇದು ಸಿನಿಮಾದಲ್ಲಿ ಸೈತಾನನ ಡೈಲಾಗ್. ಅಷ್ಟಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಾನು ಕೇಳಿದ್ದು ಒಂದೇ: ನನ್ನ ಹೆಸರು ಪರದೆಯ ಮೇಲೆ ದೊಡ್ಡದಾಗಿ ಬರಬೇಕು, ಫೋಟೋ ಸಮೇತ. ಆತ ಟವಲು ಹೊದಿಸಿ ನನ್ನ ಬೆರಳು ಹಿಡಿಯಲಿಲ್ಲ, ಇಡೀ ಮುಷ್ಟಿಯನ್ನು ಹಿಡಿದು ಹಿಂಡಿದ. ಪ್ರೀತಿ ಇರಬೇಕು ಎಂದುಕೊಂಡು ನಾನೂ ಹಿಂಡಿದೆ. ಇಡೀ ಮುಷ್ಟಿ ಎಂದರೆ ‘ಎತ್ತು, ಕೊರಳ ಹಗ್ಗ ಸಮೇತ ನನ್ನದು’ ಎಂದು ಅರ್ಥ. ಇದನ್ನು ಅಕ್ಕ ಬಹಳ ತಡವಾಗಿ ಹೇಳಿಕೊಟ್ಟರು. ಪೇಟೆ ಹುಡುಗನಿಗೆ ಎತ್ತಿನ ಭಾಷೆ ಎಲ್ಲಿ ಬರಬೇಕು.

ಫ್ಲೆಕ್ಸಿನ ದೃಶ್ಯ ಬಂತು. ಹೀರೋ ಹುಡುಗ ತನ್ನ ಫೋಟೋವನ್ನು ಶ್ರದ್ಧಾಂಜಲಿಗೆ ಕೊಡಲು ಒಪ್ಪಲಿಲ್ಲ, ಅಪಶಕುನವಂತೆ. “ದೂರದ ಶಾಟು, ಯಾರ ಮುಖ ಇದ್ರೂ ನಡೆಯುತ್ತೆ. ನಿಂದೇ ಹಾಕು, ಪರದೆ ಮೇಲೆ ಬೇಕು ಅಂದಿದ್ಯಲ್ಲ” ಎಂದ ಆತ. ನಾನು ಸಂತೋಷದಿಂದ ನನ್ನ ಕೈಯಾರೆ ನನ್ನನ್ನು ಸಾಯಿಸಿದೆ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಫ್ಲೆಕ್ಸ್ ಮಾಡಿಲ್ಲ. ಎರಡು ಕಡೆ ದೀಪ, ಕೆಳಗೆ ಕಮಲ, ಮೇಲೆ ಮೋಡದ ನಡುವೆ ಹಾರುವ ಪಾರಿವಾಳ, ನಡುವೆ ನಗುತ್ತಿರುವ ನಾನು, ದಪ್ಪ ಅಕ್ಷರದಲ್ಲಿ ನನ್ನ ಹೆಸರು. ಓಲ್ಡ್ ಟೌನಿನ ಸರ್ಕಲ್ಲಿನಲ್ಲಿ ಕಟ್ಟಿ ಶೂಟ್ ಮಾಡಿದೆವು. ನಾಳೆಯೂ ಒಂದು ಶಾಟ್ ಇದೆ, ಇರಲಿ ಎಂದು ಆತ ಬಿಚ್ಚಿಸಲಿಲ್ಲ.

ಬೆಳಗ್ಗೆ ನನ್ನ ಸೋದರತ್ತೆ ಬಸ್ಸಿನಲ್ಲಿ ಆ ದಾರಿಯಾಗಿ ಬಂದಳು. ಬಸ್ಸು ನಿಲ್ಲಿಸಿ ಇಳಿದು, ಸರ್ಕಲ್ಲಿನಲ್ಲೇ ಕೂತು ಎದೆ ಬಡಿದುಕೊಂಡಳು. ಸುದ್ದಿ ಹಬ್ಬಿ ನೆಂಟರೆಲ್ಲ ಆಟೋ ಮಾಡಿಕೊಂಡು ನಮ್ಮ ಮನೆಗೆ ಬಂದರೆ ನಾನು ಜಗಲಿಯಲ್ಲಿ ಮಂಡಕ್ಕಿ ತಿನ್ನುತ್ತಿದ್ದೆ. ಅತ್ತೆ ನನ್ನನ್ನು ಮುಟ್ಟಿ ನೋಡಿದಳು. ಬಿಸಿ ಇದ್ದೇನೆಂದು ಖಚಿತವಾದ ಮೇಲೆ ಕಪಾಳಕ್ಕೆ ಕೊಟ್ಟಳು.

“ಬದುಕಿರೋನು ಒಂದು ಫೋನ್ ಮಾಡಕ್ಕೆ ಆಗಲ್ವೇನೋ ನಿಂಗೆ.”

ಬದುಕಿದ್ದೇನೆ ಎಂದು ಯಾರಿಗೆ ಫೋನ್ ಮಾಡಿ ಹೇಳುವುದು ಎಂದು ನಾನು ಕೇಳಿದೆ. ಇನ್ನೊಂದು ಕಪಾಳಕ್ಕೂ ಬಿತ್ತು. ಇಷ್ಟಕ್ಕೇ ಆಗಿದ್ದರೆ ನಾನು ಆತನನ್ನು ಕ್ಷಮಿಸುತ್ತಿದ್ದೆ. ಅತ್ತೆ ಸರ್ಕಲ್ಲಿನಲ್ಲಿ ಅಳುವಾಗ ಆತ ಎದುರಿನ ಟೀ ಅಂಗಡಿಯಲ್ಲಿದ್ದ. ಎದ್ದು ಹೋಗಿ ‘ಹುಡುಗ ಇದ್ದಾನಮ್ಮ’ ಎನ್ನಲಿಲ್ಲ. ಕ್ಯಾಮೆರಾ ತೆಗೆದು ಶೂಟ್ ಮಾಡಿದ. ಸಿನಿಮಾದಲ್ಲಿ ಅತ್ಯುತ್ತಮ ದೃಶ್ಯ ಯಾವುದು ಎಂದು ಯಾರನ್ನಾದರೂ ಕೇಳಿ, ಅದನ್ನೇ ಹೇಳುತ್ತಾರೆ.

ದನಿಗಾಗಿ ನಾನು ಪಟ್ಟ ಪಾಡು ಬೇರೆ. ಬಾವಿಯ ಒಳಗೆ ಬಗ್ಗಿ ಅಭ್ಯಾಸ ಮಾಡಿದೆ. ನೀರು ಸೇದಲು ಬಂದ ಪಕ್ಕದ ಮನೆಯಾಕೆ ಹಗ್ಗ ಕೊಡ ಬಿಟ್ಟು ಓಡಿ, ಆಮೇಲೆ ಬಾವಿಗೆ ಅರಿಶಿನ ಕುಂಕುಮ ಹಾಕಿ ಹೋದಳು. ಕೊನೆಗೆ ಸಿಕ್ಕಿತು. ತಳದಲ್ಲಿ ಕಲ್ಲು ಉರುಳಿದ ಹಾಗೆ, ಮೇಲೆ ಬೆಲ್ಲ ಸವರಿದ ಹಾಗೆ ಒಂದು ದನಿ. “ಏನ್ ಬೇಕು ಕೇಳ್ಕೊ. ಆಮೇಲೆ ನಾನ್ ಕೇಳ್ತೀನಿ.” ಮೈಕಿನ ಮುಂದೆ ಅದನ್ನು ಹೇಳಿದ ದಿನ, ಸ್ಟುಡಿಯೋದಲ್ಲಿ ಅಕ್ಕ ನಮ್ಮಿಬ್ಬರಿಗೆ ಊಟ ಬಡಿಸುತ್ತಿದ್ದವರು ಸೌಟು ಹಿಡಿದುಕೊಂಡೇ ನಿಂತುಬಿಟ್ಟರು. ಆತ ಮಾತ್ರ ತಟ್ಟೆ ನೋಡಿಕೊಂಡು ಹೇಳಿದ, “ಸಾರಿಗೆ ಉಪ್ಪು ಕಡಿಮೆಯಾಯ್ತಲ್ಲೇ ಮಾರಾಯ್ತಿ.” ದಿನಾ ಊಟಕ್ಕೆ ಕೂತಾಗ ಆತ ಹೇಳುವುದು ಇದೊಂದೇ. ಉಪ್ಪು ಸರಿಯಾಗಿಯೇ ಇರುತ್ತಿತ್ತು.

ಬಾಡಿಗೆಗೆ ಹಿಡಿದ ಟಾಕೀಸಿನಲ್ಲಿ ಸಿನಿಮಾ ತೋರಿಸಿದರು. ಕೊನೆಯಲ್ಲಿ ಅಕ್ಷರಗಳು ಏರತೊಡಗಿದಾಗ ನಾನು ಅತ್ತೆಯ ತೋಳು ಹಿಡಿದುಕೊಂಡು ಕಾದೆ. ಸೈತಾನ: ಪಾತ್ರ ಮತ್ತು ಧ್ವನಿ. ಎದುರಿಗೆ ಆತನ ಹೆಸರು. ನನ್ನ ಹೆಸರು ಎಲ್ಲೂ ಇಲ್ಲ. ಹೊರಗೆ ಬಂದು ಕೇಳಿದರೆ ಆತ ಕಿವಿಯ ಹತ್ತಿರ ಬಗ್ಗಿ ಸೀಟಿ ಹೊಡೆದ.

“ಬಂತಲ್ಲ ಮಾರಾಯ. ಫ್ಲೆಕ್ಸಿನಲ್ಲಿ. ದೊಡ್ಡದಾಗಿ, ಫೋಟೋ ಸಮೇತ. ನೀನು ಕೇಳಿದ್ದು ಅದೇ ಅಲ್ವ.”

ಅದೇ. ಸೈತಾನ ಸಿನಿಮಾದಲ್ಲಿ ಡ್ರೈವರಿಗೆ ಏನು ಮಾಡಿದನೋ ಅದನ್ನೇ ಆತ ನನಗೆ ಮಾಡಿದ್ದ. ಸ್ಕ್ರಿಪ್ಟ್ ಓದಿಯೂ ಬಿದ್ದವನು ಜಗತ್ತಿನಲ್ಲಿ ನಾನೊಬ್ಬನೇ ಇರಬೇಕು.

ಆಮೇಲೆ ಆ ಡೈಲಾಗ್ ಎಲ್ಲರ ಮೊಬೈಲಿಗೂ ಹೋಯಿತು. ಬಸ್ಸಿನಲ್ಲಿ, ಹೋಟೆಲಿನಲ್ಲಿ, ಕ್ಷೌರದಂಗಡಿಯಲ್ಲಿ ನನ್ನ ದನಿ ರಿಂಗಾಗುತ್ತಿತ್ತು. ಅದು ನಂದು ಎಂದರೆ ಜನ ನಗುತ್ತಿದ್ದರು. ಅತ್ತೆ ಕೂಡ. “ನಿಂಗೆ ನೆಗಡಿ ಬಂದ್ರೂ ಅಂಥ ದನಿ ಬರಲ್ಲ, ಸುಮ್ನಿರು.” ಅಲ್ಲೇ ಮಾಡಿ ತೋರಿಸಿದರೆ, “ಚೆನ್ನಾಗಿ ಅನುಕರಣೆ ಮಾಡ್ತೀಯ ಕಣೋ, ಅವರ ಹಾಗೇ ಇದೆ” ಎನ್ನುತ್ತಿದ್ದರು. ಇದಕ್ಕೆ ಏನು ಉತ್ತರ ಕೊಡುವುದು ಹೇಳಿ. ನನ್ನ ಮೂಗನ್ನು ಮುಟ್ಟಿ, ಯಾರದೋ ಮೂಗಿನ ಹಾಗೇ ಇದೆ ಎಂದರೆ?

ಒಮ್ಮೆ ಶಿವಮೊಗ್ಗದಲ್ಲಿ ಮಿಮಿಕ್ರಿ ಸ್ಪರ್ಧೆ. ನಾನು ಸೈತಾನನ ದನಿ ಮಾಡಿದೆ. ತೀರ್ಪುಗಾರರ ಕುರ್ಚಿಯಲ್ಲಿ ಆತ, ಕೊರಳಿಗೆ ಮಫ್ಲರ್ ಸುತ್ತಿಕೊಂಡು. ನಾಯಿ ಕುಂಯ್‌ಗುಟ್ಟುವ ಹಾಗೆ ಕೂಗಿದವನಿಗೆ ಮೊದಲ ಬಹುಮಾನ ಹೋಯಿತು. ನನಗೆ ಸಮಾಧಾನಕರ ಎಂದು ಪ್ಲಾಸ್ಟಿಕ್ ಬುಟ್ಟಿ. ಆತ ನಿರೂಪಕಿಯ ಕಿವಿಯಲ್ಲಿ ಪಿಸುಗುಟ್ಟಿದ್ದನ್ನು ಅವಳು ಮೈಕಿನಲ್ಲಿ ಹೇಳಿದಳು: “ಪ್ರಯತ್ನ ಚೆನ್ನಾಗಿದೆ, ಇನ್ನೂ ಸ್ವಲ್ಪ ಅಭ್ಯಾಸ ಬೇಕು.”

ಮಫ್ಲರ್ ವಿಷಯ ಹೇಳಬೇಕು. ಸಿನಿಮಾ ಹಿಟ್ಟಾದ ಮೇಲೆ ಜನ ಆತನಿಂದ ಆ ದನಿ ಕೇಳಲು ಬಾಗಿಲಿಗೆ ಬಂದರು. ಬಾಯಿ ಬಿಟ್ಟರೆ ಬಣ್ಣ ಬಯಲು. ಹಾಗಾಗಿ ಡಾಕ್ಟರು ಮಾತಾಡಬೇಡ ಎಂದಿದ್ದಾರೆ ಎಂದು ಸುದ್ದಿ ಹಬ್ಬಿಸಿ, ಬಿರುಬೇಸಿಗೆಯಲ್ಲೂ ಮಫ್ಲರ್ ಸುತ್ತಿ ಪಿಸುಮಾತಿಗೆ ಇಳಿದ. ಕಂಚಿನ ಕಂಠವನ್ನು ಕಾಪಾಡಿಕೊಳ್ಳುತ್ತಿದ್ದಾರೆ ಎಂದು ಜನ ಇನ್ನೂ ಭಕ್ತಿಯಿಂದ ನೋಡಿದರು. ಸಮಾರಂಭಗಳಲ್ಲಿ ಎದ್ದು ನಿಂತು ಸುಮ್ಮನೆ ಕೈ ಮುಗಿದರೆ ಚಪ್ಪಾಳೆ. ನಾನು ವೇದಿಕೆಯಲ್ಲಿ ಬಾಯಿ ಹರಿಯುವಷ್ಟು ಕೂಗಿದರೆ ಪ್ಲಾಸ್ಟಿಕ್ ಬುಟ್ಟಿ.

ಮೊದಲು ಹೊರಗಷ್ಟೇ ಬಾಯಿ ಮುಚ್ಚಿಕೊಂಡಿದ್ದವನು ಈಗ ಮನೆಯೊಳಗೂ ಮುಚ್ಚಬೇಕಾಯಿತು. ಬೀದಿಗೆ ಅಂಟಿದ ಮನೆ, ಕಿಟಕಿಯಲ್ಲಿ ಯಾವಾಗಲೂ ಯಾರೋ. ಹೆಂಡತಿಯ ಹತ್ತಿರ ಏನಾದರೂ ಹೇಳಬೇಕಾದರೆ ಮಿಕ್ಸಿ ಹಾಕು ಎಂದು ಸನ್ನೆ ಮಾಡುತ್ತಿದ್ದನಂತೆ. ಅಕ್ಕ ಖಾಲಿ ಮಿಕ್ಸಿ ತಿರುಗಿಸಬೇಕು, ಆ ಗದ್ದಲದಲ್ಲಿ ಆತ ಮಾತಾಡಬೇಕು. ಅರ್ಧ ಕೇಳಿಸುತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಿದ್ದರು.

ಮಿಕ್ಸಿಯಿಲ್ಲದೆ ಆತ ಮಾತಾಡುತ್ತಿದ್ದದ್ದು ನನ್ನ ಹತ್ತಿರ ಮಾತ್ರ. ಗುಟ್ಟು ಮೊದಲೇ ಗೊತ್ತಿರುವವನ ಮುಂದೆ ಏನು ಭಯ. ಮಧ್ಯಾಹ್ನ ದುರ್ಗಿಗುಡಿಯ ನನ್ನ ಅಂಗಡಿಗೆ ಬಂದು, ಬಾಗಿಲು ಹಾಕಿ, ಮಫ್ಲರ್ ಬಿಚ್ಚಿ ಶುರು ಮಾಡುತ್ತಿದ್ದ. ಸೊಸೈಟಿ ಎಲೆಕ್ಷನ್, ಸೊಂಟ ನೋವು, ಸೀಬೆಹಣ್ಣಿನ ರೇಟು. ‘ಸ’ ಇರುವ ವಿಷಯಗಳನ್ನೇ ಹುಡುಕಿಕೊಂಡು ಬರುತ್ತಿದ್ದನೇನೋ. ಸ್ಪರ್ಧೆಯ ಮಾರನೆಯ ದಿನವೂ ಬಂದ.

“ಬೇಜಾರಾ?”

“ಬುಟ್ಟಿ ಚೆನ್ನಾಗಿದೆ.”

“ಫಸ್ಟ್ ಪ್ರೈಜ್ ಕೊಟ್ಟಿದ್ರೆ ಜನಕ್ಕೆ ಡೌಟ್ ಬರ್ತಿತ್ತಲ್ಲ. ಯೋಚನೆ ಮಾಡು.”

“ಸತ್ಯ ಹೇಳಿಬಿಡಿ ಸಾರ್. ಒಂದು ಸಲ. ನಿಮ್ಮದೇ ದನೀಲಿ.”

ಆತ ನನ್ನ ಚಹಾವನ್ನು ಕುಡಿದು ಮುಗಿಸಿದ. “ಮನೇಲಿ ಕೇಳಿ ಹೇಳ್ತೀನಿ” ಎಂದ. ನಗಲೂ ಇಲ್ಲ.

ಹೋದ ವರ್ಷ ಒಂದು ಮದುವೆಯ ಊಟದಲ್ಲಿ ಪಾಯಸ ಬರುವ ಹೊತ್ತಿಗೆ ಎದೆ ಹಿಡಿದುಕೊಂಡನಂತೆ. ಆಗಲೂ ಪಿಸುಮಾತಿನಲ್ಲೇ ಪಕ್ಕದವನನ್ನು ಕರೆದನಂತೆ, ವಾಲಗದ ಸದ್ದಿನಲ್ಲಿ ಕೇಳಿಸಲಿಲ್ಲವಂತೆ. ನಿಜವೋ ಸುಳ್ಳೋ ಗೊತ್ತಿಲ್ಲ. ನಾನು ನಂಬುತ್ತೇನೆ. ಮನುಷ್ಯನಿಗೆ ಅಷ್ಟು ಹಠ ಇತ್ತು.

ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಲು ಅಭಿಮಾನಿ ಬಳಗದ ಅಧ್ಯಕ್ಷ ನನ್ನ ಅಂಗಡಿಗೇ ಬಂದ. ‘ಕಂಚಿನ ಕಂಠ ಮೌನವಾಯಿತು’ ಎಂಬ ಸಾಲನ್ನು ನಾನೇ ಟೈಪ್ ಮಾಡಿದೆ. ನನ್ನದೇ ಹಳೆಯ ಫ್ಲೆಕ್ಸಿನ ಫೈಲ್ ತೆರೆದು, ದೀಪ, ಕಮಲ, ಪಾರಿವಾಳ ಹಾಗೇ ಇಟ್ಟು, ನನ್ನ ಮುಖ ತೆಗೆದು ಆತನದನ್ನು ಕೂರಿಸಿದೆ. ಆ ಒಂದು ಗಳಿಗೆ ಕೆಲಸದಲ್ಲಿ ಎಷ್ಟು ತೃಪ್ತಿ ಸಿಕ್ಕಿತೆಂದು ಹೇಳಲು ನಾಚಿಕೆಯಾಗುತ್ತದೆ, ಹೆಚ್ಚಲ್ಲ. ಅಧ್ಯಕ್ಷ ಹೋಗುವಾಗ ಹೇಳಿದ.

“ಸಭೇಲಿ ಅವರ ದನೀಲಿ ಎರಡು ಡೈಲಾಗ್ ಹೊಡಿ ಮಾರಾಯ. ಅವರ ಹತ್ರಕ್ಕೆ ಬರೋನು ಈ ಜಿಲ್ಲೇಲಿ ನೀನೊಬ್ಬನೇ.”

ಒಪ್ಪಿಕೊಂಡೆ. ಅವರ ದನಿ ಬೇಕು ತಾನೇ, ಅವರ ದನಿಯೇ ಕೊಡೋಣ ಎಂದುಕೊಂಡೆ. ಎಷ್ಟು ಮಧ್ಯಾಹ್ನ ಕೇಳಿದ್ದೇನೆ, ನನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ. ಊರೆದುರು ಆ ಕುಕ್ಕರ್ ಕೂಗಿಸಿ, ಸೈತಾನ ಯಾರು, ದನಿ ಯಾರದು ಎಂದು ಮುಗಿಸಿಬಿಡುವುದು.

ಓಲ್ಡ್ ಟೌನಿನ ಸಮುದಾಯ ಭವನ ತುಂಬಿತ್ತು. ವೇದಿಕೆಯಲ್ಲಿ ಹಾರ ಹಾಕಿದ ಫೋಟೋ, ಅದರ ಮೇಲೆ ಕೆಂಪು ಟವಲು. ಮುಂದಿನ ಸಾಲಿನಲ್ಲಿ ಅಕ್ಕ ತಲೆ ತಗ್ಗಿಸಿ ಕೂತಿದ್ದರು. ನಾನು ಮೈಕ್ ಹಿಡಿದು ನಾಲಿಗೆಯನ್ನು ಹಲ್ಲಿಗೆ ಒತ್ತಿ ಬಿಟ್ಟೆ.

“ಸ್ವಲ್ಪ ಸೈಡಿಗೆ ಸರೀರಿ. ಸೈತಾನನ ದನಿ ನಂದಲ್ಲ ಮಾರಾಯ್ರೇ. ಇಲ್ಲಿ ನಿಂತಿದ್ದಾನಲ್ಲ, ಈ ಹುಡುಗಂದು. ಸುಳ್ಳಲ್ಲ, ಸತ್ಯ.”

ಸೀಟಿ ಸ್ಪೀಕರಿನಲ್ಲಿ ಸೊಗಸಾಗಿ ಬಂತು. ಸಭೆ ಮುಖ ಮುಖ ನೋಡಿಕೊಂಡಿತು. ಹಿಂದಿನಿಂದ ಒಬ್ಬ ಕೇಳಿದ, “ಇದು ಯಾರ ದನೀನೋ?” ಇನ್ನೊಬ್ಬ, “ಒಂಚೂರೂ ಹೋಲಲ್ಲ ಬಿಡು.” ಅಧ್ಯಕ್ಷ ಬಂದು ಮೈಕಿಗೆ ಕೈ ಹಾಕಿದ. “ಸಾವಿನ ಮನೇಲೂ ತಮಾಷೆನೇನೋ ನಿಂಗೆ?”

ಅಷ್ಟರಲ್ಲಿ ಅಕ್ಕ ಎದ್ದು ವೇದಿಕೆ ಹತ್ತಿದ್ದರು. ಫೋಟೋದ ಮೇಲಿನ ಟವಲನ್ನು ಎಳೆದುಕೊಂಡು ನನ್ನ ಹತ್ತಿರ ಬಂದರು. ಹೊಡೆಯುತ್ತಾರೆ ಎಂದುಕೊಂಡೆ, ನನಗೆ ಅಭ್ಯಾಸವಿದೆ.

“ಇನ್ನೊಂದ್ ಸಲ ಮಾತಾಡು.”

“ದನಿ ನಂದೇ ಅಕ್ಕ. ನಿಮಗೆ ಗೊತ್ತಲ್ಲ.”

“ಅದು ನಂಗೊತ್ತು, ಅದಲ್ಲ. ಸಾರಿನ ಉಪ್ಪಿಂದು ಹೇಳು.”

ನಾನು ಹೇಳಲಿಲ್ಲ. ನಾನು ಬಂದದ್ದು ಅದಕ್ಕಲ್ಲ. ಅಕ್ಕ ನನ್ನನ್ನೇ ನೋಡಿದರು. ಎತ್ತಿನ ದಲ್ಲಾಳಿಯ ಮನೆಯ ಸೊಸೆ. ಟವಲನ್ನು ನನ್ನ ಕೈ ಮೇಲೆ ಹೊದಿಸಿದರು.

“ನಿಂಗೇನ್ ಬೇಕು ಕೇಳ್ಕೊ. ಆಮೇಲೆ ನಾನ್ ಕೇಳ್ತೀನಿ.”

ಕೇಳಿದೆ. ಅವರು ಟವಲಿನ ಕೆಳಗೆ ನನ್ನ ಇಡೀ ಮುಷ್ಟಿಯನ್ನು ಹಿಡಿದರು. ಈ ಸಲ ಅರ್ಥ ಗೊತ್ತಿತ್ತು. ಗೊತ್ತಿದ್ದೇ ಹಿಂಡಿದೆ.

ಅಕ್ಕ ಮೈಕ್ ತೆಗೆದುಕೊಂಡು ಮದುವೆ ಮನೆಯಲ್ಲಿ ಕೂಗುವ ಹಾಗೆಯೇ ಹೇಳಿದರು. “ಪಿಚ್ಚರಿನಲ್ಲಿದ್ದ ದನಿ ಈ ಹುಡುಗಂದು. ನಮ್ಮವರದಲ್ಲ.” ಆಮೇಲೆ ಮೂರನೆಯ ಸಾಲಿನಿಂದ ನನ್ನ ಸೋದರತ್ತೆಯ ದನಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಪಕ್ಕದವಳಿಗೆ ಹೇಳುತ್ತಿದ್ದಳು: “ಪಾಪ, ದುಃಖಕ್ಕೆ ತಲೆ ಸರಿಯಿಲ್ಲ.” ಎಲ್ಲರೂ ಹೌದೆಂದು ತಲೆಯಾಡಿಸಿದರು. ಇಬ್ಬರು ಹೆಂಗಸರು ಬಂದು ಅಕ್ಕನನ್ನು ಹಿಡಿದು ಕೂರಿಸಿದರು. ಕೇಳಿದ್ದು ಸಿಕ್ಕಿತ್ತು. ಸೈತಾನ ಕೊಡುವ ಹಾಗೆಯೇ ಸಿಕ್ಕಿತ್ತು.

ನನ್ನ ಪಾಲಿನ ಕರಾರು ಈಗ ನಡೆಯುತ್ತಿದೆ. ಭಾನುವಾರ ಭಾನುವಾರ ಭದ್ರಾವತಿಯ ಬಸ್ಸು ಹತ್ತುತ್ತೇನೆ. ಬಸ್ಸಿನಲ್ಲಿ ಯಾರದೋ ಮೊಬೈಲಿನಲ್ಲಿ ನನ್ನ ದನಿ ರಿಂಗಾಗುತ್ತದೆ, ಆತನನ್ನು ನೆನೆಸಿಕೊಂಡು ಜನ ಲೊಚಗುಟ್ಟುತ್ತಾರೆ. ನಾನು ಬೈದುಕೊಂಡು ಇಳಿಯುತ್ತೇನೆ. ಅಕ್ಕ ಕಿಟಕಿ ತೆರೆದಿಟ್ಟು, ಮಿಕ್ಸಿಯ ಪ್ಲಗ್ ಕಿತ್ತಿಟ್ಟು, ಎಲೆ ಹಾಕಿ ಸಾರು ಬಡಿಸುತ್ತಾರೆ. ನಾನು ಒಂದು ತುತ್ತು ಬಾಯಿಗಿಡುತ್ತೇನೆ. ಉಪ್ಪು ಸರಿಯಾಗಿಯೇ ಇರುತ್ತದೆ. ಅಕ್ಕ ಸೌಟು ಹಿಡಿದು ಕಾಯುತ್ತಾ ನಿಂತಿರುತ್ತಾರೆ.